ಕ್ರಿಸ್‌ಮಸ್ ರಜೆಯಲ್ಲಿ ಹಂಪಿ: ಇಷ್ಟು ಜನ, ಇಷ್ಟು ಖರ್ಚು, ಆದರೂ ಹೋಗಬೇಕಾ?

ಜಯನಗರ_ನಾಲ್ಕನೇ_ಬ್ಲಾಕ್
ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್‌ಮಸ್ ರಜೆಗೆ ಹಂಪಿ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ತೀರ್ಮಾನ ಮಾಡಿದವಳು ನನ್ನ ಮಗಳು, ಏಳನೇ ಕ್ಲಾಸು. ದುಡ್ಡು ಕೊಡುವವರು ಮಾತ್ರ ನಾವು.

ರೂಮ್ ಹುಡುಕಲು ಕೂತ ಮೇಲೆ ತಲೆ ಬಿಸಿಯಾಗಿದೆ. ಹೊಸಪೇಟೆಯಲ್ಲಿ ಮಾಮೂಲಿ ದಿನ ಎರಡು ಸಾವಿರದ ಒಳಗೆ ಸಿಗುವ ರೂಮಿಗೆ ಡಿಸೆಂಬರ್ ಕೊನೆ ವಾರ ಆರೂವರೆ ಸಾವಿರ ಹೇಳುತ್ತಿದ್ದಾರೆ. ತಿಂಡಿ ಬೇರೆ. ನಾವು ಐದು ಜನ, ಎರಡು ರೂಮ್ ಬೇಕೇ ಬೇಕು. ಇನ್ನೋವಾ ಕೇಳಿದರೆ ಕಿಲೋಮೀಟರಿಗೆ 20 ರೂಪಾಯಿ, ಜೊತೆಗೆ ಡ್ರೈವರ್ ಭತ್ಯೆ, ಟೋಲು. ಎಲ್ಲ ಕೂಡಿಸಿದರೆ ಐವತ್ತು ಸಾವಿರದ ಹತ್ತಿರ ಬರುತ್ತಿದೆ. ಇಷ್ಟೇ ದುಡ್ಡಲ್ಲಿ ನಮ್ಮ ಓರಗಿತ್ತಿ ಗಂಡನ ಜೊತೆ ವಿಮಾನದಲ್ಲಿ ಕಾಶಿಗೆ ಹೋಗಿ ಬಂದರು. ಆ ಮಾತನ್ನು ಅವರು ಮರೆಯಲು ಬಿಡುವುದೂ ಇಲ್ಲ.

ಹೋದ ವರ್ಷ ಇದೇ ಸಮಯದಲ್ಲಿ ಹೋದ ಆಫೀಸಿನವರು ಹೇಳಿದ್ದು: ವಿಠ್ಠಲ ದೇವಸ್ಥಾನಕ್ಕೆ ಹೋಗುವ ಬ್ಯಾಟರಿ ಗಾಡಿಗೆ ಗಂಟೆಗಟ್ಟಲೆ ಸಾಲು, ಕಲ್ಲಿನ ರಥದ ಮುಂದೆ ಸೆಲ್ಫಿಗೆ ತಳ್ಳಾಟ. ನಮ್ಮ ಅತ್ತೆಗೆ ಮೊಣಕಾಲು ನೋವು, ಮಗನಿಗೆ ಐದು ವರ್ಷ. ಹೋಗಬೇಕಾ? ಮುಂದಕ್ಕೆ ಹಾಕಬೇಕಾ? ಬೆಂಗಳೂರಿನ ಹತ್ತಿರವೇ ಹಳೇ ದೇವಸ್ಥಾನ ಏನಾದರೂ ತೋರಿಸಿ ಮಗಳನ್ನು ಸಮಾಧಾನ ಮಾಡಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ರಾಗಿಮುದ್ದೆ_ಬಸ್ಸಾರು
ಬೇಡ. ಮುಂದಿನ ಪ್ರಶ್ನೆ.

ಬುಲೆಟ್_ಸವಾರ
ಹಂಪಿಗೆ ಸೀಸನ್ ಅನ್ನುವುದೇ ಇದು. ಏಪ್ರಿಲ್, ಮೇನಲ್ಲಿ ಹೋದರೆ ಜನ ಇರಲ್ಲ, ನಿಜ. ಆದರೆ ಬಂಡೆ ಕಾದು ಚಪ್ಪಲಿ ಕರಗುತ್ತದೆ. 40 ಡಿಗ್ರಿ ಅಲ್ಲಿ ಮಾಮೂಲಿ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಆ ಬಿಸಿಲಿಗೆ ಹೋಗುವುದಕ್ಕಿಂತ ಡಿಸೆಂಬರ್ ಜನಜಂಗುಳಿಯೇ ವಾಸಿ.

ಪ್ಲಾಟ್‌ಫಾರ್ಮ್_ಎಂಟು
ಮೇಡಂ, ನಿಮ್ಮ ಲೆಕ್ಕದಲ್ಲಿ ದೊಡ್ಡ ತೂತು ಕಾರು. ಹಂಪಿ ಎಕ್ಸ್‌ಪ್ರೆಸ್ ಅಂತ ಊರಿನ ಹೆಸರಲ್ಲೇ ಒಂದು ರೈಲು ಇಟ್ಟಿದ್ದಾರೆ. ಮೈಸೂರಿಂದ ಬರುತ್ತದೆ, ಬೆಂಗಳೂರು ಬಿಡುವಾಗ ರಾತ್ರಿ ಹತ್ತರ ಸುಮಾರು, ಗುಂತಕಲ್, ಬಳ್ಳಾರಿ ಮೇಲೆ ಸುತ್ತಿ ಬೆಳಿಗ್ಗೆ ಏಳರ ಹೊತ್ತಿಗೆ ಹೊಸಪೇಟೆ. ಅಲ್ಲಿಂದ ಹಂಪಿ 13 ಕಿ.ಮೀ. ಐದು ಜನ ಥರ್ಡ್ ಎಸಿಯಲ್ಲಿ ಹೋಗಿ ಬಂದರೂ ಇನ್ನೋವಾ ಖರ್ಚಿನ ಅರ್ಧ ಆಗಲ್ಲ. ರಾತ್ರಿ ಮಲಗಿ ಹೋಗುವುದರಿಂದ ಒಂದು ರಾತ್ರಿಯ ರೂಮೂ ಉಳಿಯುತ್ತದೆ.

ಈಗ ರಿಸರ್ವೇಶನ್ ತೆರೆಯುವುದು 60 ದಿನ ಮುಂಚೆ, ಮೊದಲಿನ ಹಾಗೆ 120 ಅಲ್ಲ. ರಜೆ ದಿನದ ಸೀಟು ಮೊದಲ ದಿನ ಬೆಳಿಗ್ಗೆಯೇ ಭರ್ತಿ. ವೇಟಿಂಗ್ ಲಿಸ್ಟ್ ನಂಬಿ ಹೊರಡಬೇಡಿ.

ಸುಮ್ನೆ_ಓದುವವ
ಕೆಎಸ್‌ಆರ್‌ಟಿಸಿ ಸ್ಲೀಪರ್ ಕೂಡ ಇದೆ. ಆದರೆ ಮೊಣಕಾಲು ನೋವಿನವರು ಮೇಲಿನ ಬರ್ತ್ ಹತ್ತುವುದು ಕಷ್ಟ. ಕೆಳಗಿನದು ನೋಡಿ ಹಾಕಿಸಿ.

ಫಿಲ್ಟರ್_ಕಾಫಿ_ಸ್ಟ್ರಾಂಗ್
ನನ್ನ ಮಾತು ಕೆಲವರಿಗೆ ಹಿಡಿಸಲ್ಲ, ಆದರೂ ಹೇಳುತ್ತೇನೆ. ಈ ಜಾತ್ರೆಗೆ ಕಾರಣ ಟಿಕೆಟ್ ಚೀಪ್ ಆಗಿರುವುದು. ವಿಶ್ವ ಪರಂಪರೆ ತಾಣ ನೋಡಲು ನಮ್ಮವರಿಗೆ 40 ರೂಪಾಯಿ! ಜಯನಗರದಲ್ಲಿ ಎರಡು ಕಾಫಿ ಬರಲ್ಲ ಈ ದುಡ್ಡಿಗೆ. ಐನೂರು ಮಾಡಲಿ. ಸುಮ್ನೆ ಟೈಮ್ ಪಾಸ್‌ಗೆ ಬಂದು ವಿಠ್ಠಲ ಗುಡಿಯ ಸಂಗೀತ ಕಂಬ ಬಡಿಯುವವರು ಕಮ್ಮಿ ಆಗುತ್ತಾರೆ. ತಾಜ್ ಮಹಲಿನಲ್ಲಿ 2018ರಿಂದ ಗೋರಿ ಇರುವ ಮುಖ್ಯ ಕಟ್ಟಡ ಹತ್ತಲು 200 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಪೆರು ದೇಶದ ಮಾಚು ಪಿಚುವಿನಲ್ಲಿ ದಿನಕ್ಕೆ ಇಷ್ಟೇ ಜನ, ಇಂಥ ಹೊತ್ತಿಗೆ, ಇಂಥ ದಾರಿಯಲ್ಲೇ ಅಂತ ಕಟ್ಟುನಿಟ್ಟು. ನಮ್ಮಲ್ಲಿ ಯಾಕೆ ಆಗಲ್ಲ?

ರಾಗಿಮುದ್ದೆ_ಬಸ್ಸಾರು
ಐನೂರು ಕೊಟ್ಟವನು ಇನ್ನೂ ಜೋರಾಗಿ ಬಡಿಯುತ್ತಾನೆ ಗುರು. ದುಡ್ಡು ಕೊಟ್ಟಿದ್ದೀನಿ ಅಂತ.

ಹೊಸಪೇಟೆ_ಹುಡುಗ
ನಾನು ಅಲ್ಲಿಯವನೇ, ಈಗ ಕೆಲಸಕ್ಕೆ ಮಾರತ್ತಹಳ್ಳಿಯಲ್ಲಿದ್ದೇನೆ. ಫಿಲ್ಟರ್ ಕಾಫಿ ಸರ್, ನೀವು ಹಂಪಿಯನ್ನು ಒಂದು ಕಾಂಪೌಂಡು, ಒಂದು ಗೇಟು ಅಂದುಕೊಂಡ ಹಾಗಿದೆ. ಟಿಕೆಟ್ ಇರುವುದು ವಿಠ್ಠಲ ದೇವಸ್ಥಾನ, ಕಮಲ ಮಹಲ್ ಮತ್ತು ಆನೆ ಲಾಯ ಇರುವ ಜನಾನಾ ಆವರಣ, ಕಮಲಾಪುರದ ಮ್ಯೂಸಿಯಂ, ಇಷ್ಟಕ್ಕೇ. ಒಂದೇ ಟಿಕೆಟ್, ಅದೇ ದಿನ ಮೂರೂ ಕಡೆ ನಡೆಯುತ್ತದೆ. 15 ವರ್ಷದ ಒಳಗಿನ ಮಕ್ಕಳಿಗೆ ಅದೂ ಇಲ್ಲ. ಉಗ್ರ ನರಸಿಂಹ, ಬಡವಿಲಿಂಗ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಕೃಷ್ಣ ದೇವಸ್ಥಾನ, ಹಜಾರ ರಾಮ, ಮಹಾನವಮಿ ದಿಬ್ಬ, ಅಚ್ಯುತರಾಯ ದೇವಸ್ಥಾನ, ಎಲ್ಲ ಬಿಟ್ಟಿ. ವಿರೂಪಾಕ್ಷ ಅಂತೂ ಪೂಜೆ ನಡೆಯುವ ಗುಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಹರಕೆ ತೀರಿಸಲು, ಮದುವೆ ಮಾಡಲು ಬರುತ್ತಾರೆ. ಅವರ ಕೈಗೆ ಸಮಯದ ಚೀಟಿ ಕೊಟ್ಟು ಒಳಗೆ ಬಿಡುತ್ತೀರಾ? ಪಂಪಾಪತಿ ಒಪ್ಪುತ್ತಾನಾ ಕೇಳಿ ನೋಡಿ.

ಡಿಸೆಂಬರ್ ಜನಸಂದಣಿಯಲ್ಲಿ ಅರ್ಧಕ್ಕರ್ಧ ಶಾಲಾ ಪ್ರವಾಸದ ಮಕ್ಕಳು. ಸರ್ಕಾರಿ ಶಾಲೆಯವರು ಸಾರಿಗೆ ಬಸ್ ಮಾಡಿಕೊಂಡು ಬರುತ್ತಾರೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕೃಷ್ಣ ಬಜಾರದ ನೆರಳಲ್ಲಿ ಕೂತು ಊಟ ಮಾಡುತ್ತಾರೆ. ಅವರಿಗೆ ಹಂಪಿ ತಪ್ಪಿಸಿದರೆ ಇನ್ನು ಯಾರಿಗೆ ತೋರಿಸುವುದು?

ಫಿಲ್ಟರ್_ಕಾಫಿ_ಸ್ಟ್ರಾಂಗ್
ಮಕ್ಕಳಿಗೆ ಬಿಟ್ಟಿ ಇರಲಿ, ನಾನು ಬೇಡ ಅಂದೆನಾ? ದೊಡ್ಡವರ ಬಗ್ಗೆ ಹೇಳಿದ್ದು. 2019ರಲ್ಲಿ ನಾಲ್ಕು ಹುಡುಗರು ಕಂಬ ತಳ್ಳಿ ಬೀಳಿಸಿ ವಿಡಿಯೋ ಮಾಡಿದ್ದು ಮರೆತುಹೋಯಿತಾ? 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರದ ಸಾಲು ಮಂಟಪದ ಒಂದು ಭಾಗ ಕುಸಿಯಿತು. ದುರಸ್ತಿಗೆ ದುಡ್ಡು ಎಲ್ಲಿಂದ ಬರಬೇಕು?

ಕಲ್ಲು_ಮಣ್ಣು
ಟಿಕೆಟ್ ದುಡ್ಡು ಹೋಗುವುದು ಕೇಂದ್ರ ಸರ್ಕಾರದ ಖಜಾನೆಗೆ, ಹಂಪಿಯ ಹುಂಡಿಗೆ ಅಲ್ಲ. ದರ ಏರಿಸಿದ ತಕ್ಷಣ ಮಂಟಪ ನೆಟ್ಟಗಾಗಲ್ಲ. ಆ ಕಂಬ ತಳ್ಳಿದವರಿಗೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ನನಗೆ ಕೇಳಿದರೆ ಟಿಕೆಟ್ ದರಕ್ಕಿಂತ ಅದು ಒಳ್ಳೆ ಮದ್ದು.

ಇನ್ನು ರೂಮಿನ ರೇಟು ಯಾಕೆ ಹೀಗೆ ಅಂತ. ಯುನೆಸ್ಕೊ ಪಟ್ಟಿಗೆ ಹಂಪಿ ಸೇರಿದ್ದು 1986ರಲ್ಲಿ. ಆನೆಗೊಂದಿ ಹತ್ತಿರ ಸೇತುವೆ ಕಟ್ಟಲು ಹೊರಟ ಗಲಾಟೆಯಲ್ಲಿ 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆಮೇಲೆ ಒಂದೊಂದಾಗಿ ತೆರವು ಶುರುವಾಯಿತು. 2011ರಲ್ಲಿ ವಿರೂಪಾಕ್ಷನ ಮುಂದಿನ ಬಜಾರದ ಅಂಗಡಿ, ಮನೆಗಳು ಹೋದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಿದರು. ಸ್ಮಾರಕದ ದೃಷ್ಟಿಯಿಂದ ಅದು ಬೇಕಿತ್ತೋ ಬೇಡವೋ, ಬೇರೆ ಜಗಳ. ಆದರೆ ಹತ್ತಿರದ ಅಗ್ಗದ ರೂಮುಗಳೆಲ್ಲ ಹೋದವು, ಬರುವ ಜನ ಕಮ್ಮಿ ಆಗಲಿಲ್ಲ. ಎಲ್ಲರೂ ಹೊಸಪೇಟೆ, ಕಮಲಾಪುರಕ್ಕೇ ಬಂದು ಬೀಳುತ್ತಾರೆ. ರೇಟು ಏರದೆ ಇನ್ನೇನಾಗುತ್ತದೆ?

ಹೊಸಪೇಟೆ_ಹುಡುಗ
ಸರಿಯಾಗಿ ಹೇಳಿದಿರಿ. ಬಜಾರದಲ್ಲಿ ಅಂಗಡಿ ಇಟ್ಟಿದ್ದವರ ಕಷ್ಟ ಯಾರೂ ಕೇಳಲ್ಲ. ಪ್ರವಾಸಿಗರಿಗೆ ಖಾಲಿ ಮಂಟಪ ಫೋಟೊಗೆ ಚೆನ್ನಾಗಿದೆ, ಅಷ್ಟೇ. ಆ ಬೀದಿಯನ್ನು ಅಂಗಡಿ ಸಾಲಿಗೆ ಅಂತಲೇ ಕಟ್ಟಿದ್ದು ಅಲ್ವಾ?

ಕಲ್ಲು_ಮಣ್ಣು
ಅಂಗಡಿಗೆ ಹೌದು. ಮಂಟಪದ ಮೇಲೆ ಸಿಮೆಂಟ್ ಸುರಿದು ಎರಡನೇ ಮಹಡಿ ಎಬ್ಬಿಸಲು ಅಲ್ಲ.

ಹೊಸಪೇಟೆ_ಹುಡುಗ
ಎಲ್ಲರೂ ಎಬ್ಬಿಸಿರಲಿಲ್ಲ ಸರ್.

ಮಲ್ಲೇಶ್ವರದ_ಮೇಷ್ಟ್ರು
ಈ ಜಗಳದ ಮಧ್ಯೆ ಒಂದು ಹಳೇ ಸುದ್ದಿ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಊರು ರೋಮಿನಷ್ಟು ದೊಡ್ಡದು ಅಂದ. ಇಲ್ಲಿ ಎಷ್ಟು ಜನ ಇದ್ದಾರೆ ಅಂತ ಬರೆಯಲು ಹೋಗಲ್ಲ, ಬರೆದರೆ ಕಟ್ಟುಕಥೆ ಅಂದುಕೊಳ್ಳುತ್ತಾರೆ ಅಂತಲೂ ಹೇಳಿದ್ದಾನೆ. ಬೀದಿಯಲ್ಲಿ ಜನ, ಆನೆ ಎಷ್ಟಿದ್ದವೆಂದರೆ ಕುದುರೆ ಸೈನ್ಯಕ್ಕೂ ದಾರಿ ಬಿಡಿಸಿಕೊಂಡು ಹೋಗಲು ಆಗುತ್ತಿರಲಿಲ್ಲವಂತೆ. ಹಂಪಿಯಲ್ಲಿ ಜನ ಜಾಸ್ತಿ ಅನ್ನುವ ದೂರಿಗೆ ಐನೂರು ವರ್ಷ ಆಯಿತು. ಜನ ಇಲ್ಲದ ಹಂಪಿ ಶುರುವಾಗಿದ್ದು 1565ರ ತಾಳಿಕೋಟೆ ಯುದ್ಧದ ನಂತರ.

ಸುಮ್ನೆ_ಓದುವವ
ಮೇಷ್ಟ್ರೇ, ಇದಕ್ಕೇ ನಾನು ಈ ವೇದಿಕೆ ಬಿಡದೆ ಓದುವುದು 🙏

ಉಡುಪಿ_ಅಕ್ಕ
ನಾನು ಹೋದಾಗಲೂ ಹೊಸ ವರ್ಷದ ಹತ್ತಿರವೇ. ಮಾರಾಯ್ರೇ, ರಥದ ಮುಂದೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಐವತ್ತು ರೂಪಾಯಿ ನೋಟು! ನೋಟಿನ ರಥ, ಕಲ್ಲಿನ ರಥ ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕಂತೆ. ಟಿಕೆಟಿಗೆ ಅದೇ ನೋಟು ಕೊಟ್ಟರೆ ಹತ್ತು ರೂಪಾಯಿ ಚಿಲ್ಲರೆಯೂ ಬರುತ್ತದೆ.

ನಮಗೆ ಸಿಕ್ಕ ಗೈಡು ಇಡೀ ರಥ ಒಂದೇ ಕಲ್ಲಿನದ್ದು, ರಾಜ ಅದರಲ್ಲಿ ಕೂತು ಸುತ್ತುತ್ತಿದ್ದ ಅಂತ ಕಥೆ ಹೊಡೆದ. ಪಕ್ಕದಲ್ಲಿದ್ದ ಶಾಲೆ ಹುಡುಗಿ ಕಿಸಕ್ಕನೆ ನಕ್ಕಳು.

ಕಲ್ಲು_ಮಣ್ಣು
ಅದು ಗರುಡನ ಗುಡಿ, ರಥದ ಆಕಾರದಲ್ಲಿ ಕಟ್ಟಿದ್ದು. ಹಲವು ಕಲ್ಲು ಜೋಡಿಸಿ, ಸಂದು ಕಾಣದ ಹಾಗೆ ಕೆತ್ತನೆ ಮಾಡಿದ್ದಾರೆ. ಮುಂದಿನ ಆನೆಗಳು ಆಮೇಲೆ ಇಟ್ಟವು. ಮೊದಲು ಅಲ್ಲಿ ಕುದುರೆಗಳಿದ್ದವು, ಬಗ್ಗಿ ನೋಡಿದರೆ ಅವುಗಳ ಹಿಂಗಾಲು, ಬಾಲ ಇನ್ನೂ ಕಾಣುತ್ತವೆ. ರಥದ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದು ಇದೆ. ಜಯನಗರ ಮೇಡಂ, ಮಗಳಿಗೆ ಆ ಫೋಟೊ ಮೊದಲೇ ತೋರಿಸಿ ಕರೆದುಕೊಂಡು ಹೋಗಿ. ಏನು ಮಾಯವಾಗಿದೆ ಅಂತ ಅವಳೇ ಹುಡುಕುತ್ತಾಳೆ. ಸೆಲ್ಫಿ ಗಲಾಟೆ ಅವಳ ಗಮನಕ್ಕೂ ಬರಲ್ಲ.

ಬುಲೆಟ್_ಸವಾರ
ಸಂಗೀತ ಕಂಬ ಬಡಿಯಲು ಬಿಡುತ್ತಾರಾ ಈಗ?

ಕಲ್ಲು_ಮಣ್ಣು
ಇಲ್ಲ. ಬಿಡಬಾರದು ಕೂಡ. ಬಡಿದೂ ಬಡಿದೂ ಸವೆದಿವೆ.

ಬನಶಂಕರಿ_ಬಾಡಿಗೆದಾರ
ನಾನಂತೂ ಹೋಗಬೇಡಿ ಅನ್ನುವವನೇ. ಹೋದ ವರ್ಷ ಡಿಸೆಂಬರ್ 25ರಂದು ಹೋಗಿದ್ದೆವು. ಆ್ಯಪಲ್ಲಿ ಬುಕ್ ಮಾಡಿದ ರೂಮಿಗೆ ಹೋದರೆ "ಸರ್, ಓವರ್ ಬುಕಿಂಗ್" ಅಂದರು. ದುಡ್ಡು ವಾಪಸ್ ಬರಲು ತಿಂಗಳು ಹಿಡಿಯಿತು. ಆ ರಾತ್ರಿ ಗಂಗಾವತಿಯವರೆಗೂ ಹೋಗಿ ರೂಮ್ ಹುಡುಕಿದೆವು. ಆಟೋದವನು ದಿನಕ್ಕೆ ಒಂದು ರೇಟು ಹೇಳಿ, ಮಧ್ಯಾಹ್ನ ಊಟದ ಹೊತ್ತಿಗೆ "ಅದು ಅರ್ಧ ದಿನದ್ದು" ಅಂದ. ಹೇಮಕೂಟ ಗುಡ್ಡದ ಮೇಲೆ ಸೂರ್ಯಾಸ್ತ ನೋಡಲು ನಿಂತರೆ ಕಂಡಿದ್ದು ಮುಂದಿನವರ ಬೆನ್ನು. ಇದಕ್ಕೆ ಐವತ್ತು ಸಾವಿರನಾ? ಮನೆಯಲ್ಲೇ ಕೂತು ಡ್ರೋನ್ ವಿಡಿಯೋ ನೋಡಿ, ಚೆನ್ನಾಗಿರುತ್ತದೆ.

ಹೊಸಪೇಟೆ_ಹುಡುಗ
ಅಣ್ಣ, ನಿಮಗೆ ಹಾಗಾಗಿದ್ದಕ್ಕೆ ಬೇಜಾರಾಯಿತು. ಆದರೆ ಹೇಮಕೂಟದ ಸೂರ್ಯಾಸ್ತಕ್ಕೆ ಇಡೀ ಬೆಂಗಳೂರೇ ಬರುತ್ತದೆ. ನಮ್ಮ ಊರಿನವರು ಮಾಲ್ಯವಂತಕ್ಕೆ ಹೋಗುತ್ತೇವೆ. ರಘುನಾಥ ಸ್ವಾಮಿ ಗುಡಿ ಇದೆ, ರಾಮಾಯಣ ಪಾರಾಯಣ ನಡೆಯುತ್ತಲೇ ಇರುತ್ತದೆ. ಗುಡ್ಡದ ಮೇಲಿನವರೆಗೂ ಗಾಡಿ ಹೋಗುತ್ತದೆ, ಮೊಣಕಾಲಿನವರಿಗೂ ಆಗುತ್ತದೆ. ಗುಡಿಯ ಹಿಂದಿನ ಬಂಡೆ ಮೇಲೆ ಕೂತರೆ ಸಾಕು. (ಇದನ್ನು ಬರೆಯಬಾರದಿತ್ತು ಅಂತ ಊರಿನ ಗೆಳೆಯರು ಬೈಯುತ್ತಾರೆ.)

ಜಯನಗರ ಅಕ್ಕ, ಜನರ ವಿಷಯಕ್ಕೆ ಬರೋಣ. ಪ್ರವಾಸದ ಬಸ್ಸುಗಳೆಲ್ಲ ಓಡುವುದು ಒಂದೇ ಹಾದಿಯಲ್ಲಿ. ಬೆಳಿಗ್ಗೆ ವಿರೂಪಾಕ್ಷ, ಆಮೇಲೆ ಗಣಪ, ಕೃಷ್ಣ, ನರಸಿಂಹ, ಊಟದ ಹೊತ್ತಿಗೆ ಕಮಲ ಮಹಲ್, ಮಧ್ಯಾಹ್ನ ಮೂರರ ಮೇಲೆ ವಿಠ್ಠಲ. ನೀವು ಉಲ್ಟಾ ಮಾಡಿ. ಬೆಳಿಗ್ಗೆ ಟಿಕೆಟ್ ಕೌಂಟರ್ ತೆರೆಯುವಾಗಲೇ ತಳವಾರಘಟ್ಟದ ಕಡೆಯ ಪಾರ್ಕಿಂಗಿನಲ್ಲಿರಿ. ಬ್ಯಾಟರಿ ಗಾಡಿಗೆ ಆಗ ಸಾಲು ಇರಲ್ಲ. ಗಾಡಿ ಓಡಿಸುವವರು ಹೆಣ್ಣುಮಕ್ಕಳು, ಸುತ್ತಲಿನ ಊರಿನವರು, ವಯಸ್ಸಾದವರನ್ನು ನೋಡಿ ಹತ್ತಿಸಿಕೊಳ್ಳುತ್ತಾರೆ. ದಾರಿ ಒಂದು ಕಿ.ಮೀ. ಅಷ್ಟೇ. ಗೆಜ್ಜಲ ಮಂಟಪ, ಕುದುರೆಗೊಂಬೆ ಮಂಟಪ ಹೋಗುತ್ತಲೇ ಸಿಗುತ್ತವೆ. ಬಿಸಿಲೇರುವ ಮೊದಲು ವಿಠ್ಠಲ ಮುಗಿಸಿ ಹೊರಬಂದರೆ ಎದುರಿಗೆ ಬಸ್ಸುಗಳು ಬರುತ್ತಿರುತ್ತವೆ. ನೋಡಿ ಕೈ ಬೀಸಿ.

ಮಧ್ಯಾಹ್ನ ಮ್ಯೂಸಿಯಂ. ಇಡೀ ಹಂಪಿಯ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ, ಯಾವ ಬೆಟ್ಟ ಎಲ್ಲಿ, ನದಿ ಎಲ್ಲಿ ಅಂತ ಮಕ್ಕಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಶುಕ್ರವಾರ ಮಾತ್ರ ಬಾಗಿಲು ಹಾಕಿರುತ್ತದೆ, ನೆನಪಿರಲಿ. ಸಂಜೆ ಕಮಲಾಪುರದಲ್ಲೇ ಪಟ್ಟಾಭಿರಾಮ ದೇವಸ್ಥಾನ. ಅಷ್ಟು ದೊಡ್ಡ ಗುಡಿ, ರಜೆ ದಿನವೂ ಬೆರಳೆಣಿಕೆ ಜನ. ಹಂಪಿ ಅಂದರೆ ಸುಮಾರು 41 ಚದರ ಕಿ.ಮೀ. ಜನ ತುಂಬಿ ತುಳುಕುವುದು ಅದರ ನಾಲ್ಕೈದು ಮೂಲೆಗಳಲ್ಲಿ.

ಉಡುಪಿ_ಅಕ್ಕ
ಹಜಾರ ರಾಮ ತಪ್ಪಿಸಬೇಡಿ. ಗೋಡೆಯ ಹೊರಗೆ ಮಹಾನವಮಿ ಮೆರವಣಿಗೆ, ಆನೆ, ಕುದುರೆ, ನರ್ತಕಿಯರು ಸಾಲಾಗಿ. ಒಳಗೆ ರಾಮಾಯಣ ಪೂರ್ತಿ ಕಲ್ಲಲ್ಲಿ. ನಿಮ್ಮ ಅತ್ತೆಯವರು ಗೈಡ್ ಇಲ್ಲದೆ ಮೊಮ್ಮಕ್ಕಳಿಗೆ ಕಥೆ ಹೇಳಬಹುದು. ಹೆಚ್ಚು ಮೆಟ್ಟಿಲಿನ ಕಾಟವೂ ಇಲ್ಲ.

ವಿಜಯನಗರ_ಆರ್‌ಪಿಸಿ
ಮೇಷ್ಟ್ರು ವಿಜಯನಗರ ಅಂದಿದ್ದು ನೋಡಿ, ಬೆಂಗಳೂರಿನ ನಮ್ಮ ವಿಜಯನಗರದ ಟ್ರಾಫಿಕ್ ಬಗ್ಗೆ ಅಂದುಕೊಂಡು ಬಂದೆ. ಅಲ್ಲೂ ಜನ ಜಾಸ್ತಿ, ಬಾಡಿಗೆ ಜಾಸ್ತಿ.

ರಾಗಿಮುದ್ದೆ_ಬಸ್ಸಾರು
😂 ಅಲ್ಲಿ ಟಿಕೆಟ್ ಇಡಲಿ. ಐನೂರು.

ಮಲ್ಲೇಶ್ವರದ_ಮೇಷ್ಟ್ರು
ಹತ್ತಿರದ ಜಾಗ ಕೇಳಿದ್ದರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓಡುವ ಜನ, ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರನನ್ನು ನೋಡದೆ ವಾಪಸ್ ಬರುತ್ತಾರೆ. ಒಂಬತ್ತನೇ ಶತಮಾನದ ಗುಡಿ, ಒಳಗಿನ ಕಲ್ಯಾಣಿಯನ್ನು ನೋಡಿದರೆ ಹಂಪಿಯ ನೆನಪಾಗುತ್ತದೆ. ಟಿಕೆಟ್ ಇಲ್ಲ. ಕೋಲಾರದ ಕಡೆ ಆವನಿ, ಕುರುಡುಮಲೆ ಇವೆ. ಲೇಪಾಕ್ಷಿ ಸುಮಾರು 120 ಕಿ.ಮೀ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ಹಂಪಿಯಲ್ಲಿ ಅಳಿಸಿಹೋದ ಚಿತ್ರಗಳು ಹೇಗಿದ್ದಿರಬಹುದು ಅನ್ನುವುದಕ್ಕೆ ಲೇಪಾಕ್ಷಿಯ ಚಾವಣಿ ನೋಡಬೇಕು.

ನನಗೆ ಇನ್ನೂ ಇಷ್ಟವಾದದ್ದು ಪೆನುಕೊಂಡ. 1565ರಲ್ಲಿ ಸೋತ ಮೇಲೆ ತಿರುಮಲರಾಯ ರಾಜಧಾನಿ ಮಾಡಿಕೊಂಡಿದ್ದು ಅಲ್ಲೇ. ಹಂಪಿಯ ಕಥೆಯ ಮುಂದಿನ ಅಧ್ಯಾಯ, ಹೈದರಾಬಾದ್ ರಸ್ತೆಯಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಜನವೇ ಇಲ್ಲ.

ಅಷ್ಟು ದೂರವೂ ಬೇಡ ಎಂದರೆ ಹೊಸೂರು ರಸ್ತೆ ಪಕ್ಕದ ಬೇಗೂರು. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಬೆಂಗಳೂರು ಕಾಳಗದ ಶಾಸನ ಇದೆ. ಸುಮಾರು 890ರದ್ದು. ನಮ್ಮ ಊರಿನ ಹೆಸರು ಕಲ್ಲಿನ ಮೇಲೆ! ಎಷ್ಟು ಜನ ಬೆಂಗಳೂರಿನವರು ನೋಡಿದ್ದೀರಿ?

ಬನಶಂಕರಿ_ಬಾಡಿಗೆದಾರ
ಬೇಗೂರಿಗೆ ಹೋಗುವ ದಾರಿಯ ಟ್ರಾಫಿಕ್ಕಿಗೆ ಹಂಪಿಯೇ ಬೇಗ ಮುಟ್ಟಬಹುದು ಮೇಷ್ಟ್ರೇ.

ಬುಲೆಟ್_ಸವಾರ
ಲೇಪಾಕ್ಷಿ ಭಾನುವಾರ ನೋಡಿದ್ದೀರಾ? ತೂಗುಕಂಬದ ಕೆಳಗೆ ಬಟ್ಟೆ ತೂರಿಸಲು ಅಲ್ಲೂ ಸಾಲು.

ಜಯನಗರ_ನಾಲ್ಕನೇ_ಬ್ಲಾಕ್
ಅಬ್ಬಾ, ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಭೋಗನಂದೀಶ್ವರನ ಹೆಸರು ಮಗಳ ಮುಂದೆ ತೆಗೆದೆ. "ಅಲ್ಲಿ ಕಲ್ಲಿನ ರಥ ಇದೆಯಾ?" ಅಂದಳು. ಮುಗಿಯಿತು.

ಈಗ ಎರಡು ಪ್ರಶ್ನೆ. ಡಿಸೆಂಬರ್ ಬಿಟ್ಟು ಜನವರಿ ಸಂಕ್ರಾಂತಿ ಕಳೆದ ಮೇಲೆ, ವಾರದ ಮಧ್ಯೆ ಹೋದರೆ ಹೇಗೆ? ಶಾಲೆಗೆ ರಜೆ ಹಾಕಿಸಬೇಕಾಗುತ್ತದೆ. ಇನ್ನೊಂದು, ಯಜಮಾನರಿಗೆ ತೆಪ್ಪದಲ್ಲಿ ಹೋಗುವ ಆಸೆ. ಚಿಕ್ಕ ಮಗನನ್ನು ಕೂರಿಸಬಹುದಾ?

ಪ್ಲಾಟ್‌ಫಾರ್ಮ್_ಎಂಟು
ವಾರದ ಮಧ್ಯೆ ಆದರೆ ರೈಲು ಸೀಟೂ ಸುಲಭ. ಮಂಗಳವಾರ ರಾತ್ರಿ ಹತ್ತಿ, ಗುರುವಾರ ರಾತ್ರಿ ಅಲ್ಲಿಂದ ವಾಪಸ್ ಹತ್ತಿ. ರೂಮ್ ಒಂದೇ ರಾತ್ರಿಗೆ ಸಾಕು. ಶುಕ್ರವಾರ ಅಲ್ಲಿರುವುದಿಲ್ಲ, ಮ್ಯೂಸಿಯಂ ತಪ್ಪುವುದಿಲ್ಲ. ವಾಪಸ್ ಬರುವಾಗ ಬೆಂಗಳೂರು ಬೆಳಿಗ್ಗೆಯೇ, ನೇರ ಆಫೀಸಿಗೆ ಹೋಗಬಹುದು.

ಬನಶಂಕರಿ_ಬಾಡಿಗೆದಾರ
ಮೊಣಕಾಲು ನೋವಿನವರನ್ನು ಎರಡು ರಾತ್ರಿ ರೈಲಲ್ಲಿ ಕುಲುಕಿಸುವುದು ಉಳಿತಾಯನಾ? ಉಳಿದ ದುಡ್ಡು ಮೂಳೆ ಡಾಕ್ಟರಿಗೆ.

ಪ್ಲಾಟ್‌ಫಾರ್ಮ್_ಎಂಟು
350 ಕಿ.ಮೀ. ಕಾರಿನಲ್ಲಿ ಕಾಲು ಮಡಚಿ ಕೂರುವುದಕ್ಕಿಂತ ಕೆಳಗಿನ ಬರ್ತಿನಲ್ಲಿ ಕಾಲು ಚಾಚಿ ಮಲಗುವುದು ಎಷ್ಟೋ ಮೇಲು. ಬುಕ್ ಮಾಡುವಾಗ ಹಿರಿಯರ ವಯಸ್ಸು ಸರಿಯಾಗಿ ಹಾಕಿ, ಕೆಳಗಿನ ಬರ್ತ್ ಆಯ್ಕೆ ಮಾಡಿ.

ಬುಲೆಟ್_ಸವಾರ
ಕಾರಿನವರಿಗೆ ಚಿತ್ರದುರ್ಗದ ಕೋಟೆ ದಾರಿಯಲ್ಲೇ ಸಿಗುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತುಮಕೂರು, ಶಿರಾ, ಹಿರಿಯೂರು, ದುರ್ಗ, ಅಲ್ಲಿಂದ ಹೊಸಪೇಟೆ ರಸ್ತೆ. ಓಬವ್ವನ ಕಿಂಡಿ ನೋಡಿದರೆ ಮಕ್ಕಳಿಗೆ ಖುಷಿ. ರೈಲಿನವರು ನೋಡುವುದು ಗುಂತಕಲ್ ಸ್ಟೇಷನ್ನು, ಅದೂ ನಿದ್ದೆಯಲ್ಲಿ.

ಫಿಲ್ಟರ್_ಕಾಫಿ_ಸ್ಟ್ರಾಂಗ್
ನೋಡಿ, ಕೊನೆಗೆ ಎಲ್ಲರೂ ಹೇಳುತ್ತಿರುವುದೂ ಅದೇ. ಜನ ಇಲ್ಲದ ಹೊತ್ತಿಗೆ ಹೋಗಿ ಅಂತ. ಸರ್ಕಾರ ಇದನ್ನೇ ದರದ ಮೂಲಕ ಮಾಡಲಿ ಅಂದಿದ್ದು ನಾನು. ರಜೆ ದಿನಕ್ಕೆ ಒಂದು ರೇಟು, ಮಾಮೂಲಿ ದಿನಕ್ಕೆ ಒಂದು ರೇಟು.

ಹೊಸಪೇಟೆ_ಹುಡುಗ
ಸರ್, ಹೋಟೆಲಿನವರು ಅದನ್ನು ಆಗಲೇ ಮಾಡಿದ್ದಾರೆ. ಆರೂವರೆ ಸಾವಿರ. ಜನ ಕಮ್ಮಿ ಆದರಾ? ಸಿಕ್ಕಿಬಿದ್ದವರು ವಾರದ ಮಧ್ಯೆ ರಜೆ ಸಿಗದ ಕೂಲಿಯವರು, ಸಣ್ಣ ಅಂಗಡಿಯವರು. ಅವರು ಬೆಳಿಗ್ಗೆ ಬಸ್ಸಿಗೆ ಬಂದು ರಾತ್ರಿ ಬಸ್ಸಿಗೆ ವಾಪಸ್ ಹೋಗುತ್ತಾರೆ. ಭಾನುವಾರದ ಟಿಕೆಟನ್ನೂ ಏರಿಸಿದರೆ ಅವರಿಗೆ ಹಂಪಿ ಪೂರ್ತಿ ಬಂದ್.

ಫಿಲ್ಟರ್_ಕಾಫಿ_ಸ್ಟ್ರಾಂಗ್
ಈ ಮಾತು ಒಪ್ಪಬೇಕಾದ್ದೇ. ಆದರೆ ಕಾರಿಗೆ ಪಾರ್ಕಿಂಗ್ ದರ ಏರಿಸಿ, ಬಸ್ಸಿನವರಿಗೆ ಬಿಟ್ಟುಬಿಡಿ. ಇದಕ್ಕೇನನ್ನುತ್ತೀರಿ?

ಹೊಸಪೇಟೆ_ಹುಡುಗ
ಅದು ಮಾಡಲಿ. ಮೊದಲು ನಮ್ಮ ಊರಿಂದ ಹಂಪಿಗೆ ರಜೆ ದಿನ ಬಸ್ ಜಾಸ್ತಿ ಬಿಡಲಿ.

ಮಲ್ಲೇಶ್ವರದ_ಮೇಷ್ಟ್ರು
ಶಾಲೆಗೆ ರಜೆ ಹಾಕಿಸುವ ಬಗ್ಗೆ: ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಹಾಕಿಸಿ. ಮಹಾನವಮಿ ದಿಬ್ಬದ ಮೇಲೆ ನಿಂತವಳಿಗೆ ಆ ಪಾಠ ಮತ್ತೆ ಓದಿಸುವ ಕೆಲಸ ಇರಲ್ಲ. ಹತ್ತಿರದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿ ಇದೆ. 1980ರ ದಶಕದಲ್ಲಿ ಅಗೆದಾಗ ಮಣ್ಣಿನಡಿ ಸಿಕ್ಕಿದ್ದು. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಗಳು ಇನ್ನೂ ನಿಂತಿವೆ, ಅವುಗಳ ಹಾದಿ ಹಿಡಿದು ಹೋಗಲು ಹೇಳಿ. ವಿಜಯನಗರದ ಕಾಲದ, ‘ತುರ್ತು’ ಎಂಬ ಹೆಸರಿನ ಕಾಲುವೆಯ ನೀರು ಇವತ್ತಿಗೂ ಕಮಲಾಪುರದ ಬಾಳೆತೋಟಗಳಿಗೆ ಹರಿಯುತ್ತಿದೆ. ಅದನ್ನು ಯಾವ ಗೈಡೂ ನಿಲ್ಲಿಸಿ ತೋರಿಸಲ್ಲ. ನನ್ನ ಪ್ರಕಾರ ರಥಕ್ಕಿಂತ ದೊಡ್ಡ ಅಚ್ಚರಿ ಅದು.

ಶಾಲೆ_ಅಮ್ಮ
ಮೇಷ್ಟ್ರೇ, ನಮ್ಮ ಮಕ್ಕಳ ಶಾಲೆಯಲ್ಲಿ ಮದುವೆಗೆ ಒಂದು ದಿನ ರಜೆ ಕೇಳಿದರೂ ಪತ್ರ, ಸಹಿ, ಕಾರಣ. ಹಂಪಿ ಅಂದರೆ ಬಿಡುತ್ತಾರಾ? ಎಲ್ಲರಂತೆ "ಜ್ವರ" ಅಂತ ಬರೆಯಿರಿ.

ಉಡುಪಿ_ಅಕ್ಕ
ಜ್ವರ ಅಂತ ಬರೆದು, ಮಗು ಬಂದು ಕ್ಲಾಸಿನಲ್ಲಿ ರಥದ ಕಥೆ ಹೇಳಿದರೆ?

ಹೊಸಪೇಟೆ_ಹುಡುಗ
ತೆಪ್ಪದ ವಿಷಯ. ಲೈಫ್ ಜಾಕೆಟ್ ಇಲ್ಲದೆ ಕೂರಬೇಡಿ, ಮಗುವಿನ ಅಳತೆಯದ್ದು ಇದೆಯಾ ಕೇಳಿ. ಇಲ್ಲ ಅಂದರೆ ದಡದಲ್ಲೇ ಇರಿ, ಮೀನು ನೋಡಿ. ಅದೇ ಬಂಡೆ, ಅದೇ ನೀರು ಅಂತ ಸಲೀಸಾಗಿ ಕಾಣುತ್ತದೆ, ಒಳಗೆ ಸುಳಿ ಇರುತ್ತದೆ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯ ತುಂಬಿ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ಆಗ ದೋಣಿ, ತೆಪ್ಪ ಎಲ್ಲ ಬಂದ್. ಜನವರಿಯಲ್ಲಿ ಆ ಭಯ ಇಲ್ಲ. ಆದರೂ ನೀರಿಗೆ ಇಳಿಯಬೇಡಿ.

ನದಿಯಾಚೆಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಅತ್ತೆಯವರನ್ನು ಕೆಳಗೆ ಕೂರಿಸಿ ನೀವು ಹತ್ತುವ ಪ್ಲಾನ್ ಇದ್ದರೆ ಕೈಯಲ್ಲಿ ಬಾಳೆಹಣ್ಣು ಹಿಡಿಯಬೇಡಿ. ಕೋತಿಗಳಿಗೆ ಅದು ಕಿಷ್ಕಿಂಧೆ, ಅವುಗಳದ್ದೇ ರಾಜ್ಯ. ಗಾಡಿಯಲ್ಲಿ ಆ ಕಡೆ ಹೋಗಲು ಬುಕ್ಕಸಾಗರದ ಸೇತುವೆ ಮೇಲೆ ಸುತ್ತಿ ಹೋಗಬೇಕು.

ಫಿಲ್ಟರ್_ಕಾಫಿ_ಸ್ಟ್ರಾಂಗ್
ಕೋತಿಗೂ ಟಿಕೆಟ್ ಇಲ್ಲ, ನೋಡಿ.

ವೇದಿಕೆ_ನಿರ್ವಾಹಕ
ಟಿಕೆಟ್ ದರದ ವಾದ ಮುಂದುವರಿಸುವವರು ಬೇರೆ ಎಳೆ ಶುರುಮಾಡಿ. ಇಲ್ಲಿ ಪ್ರವಾಸದ ಪ್ರಶ್ನೆಗಳಿಗೆ ಮಾತ್ರ ಉತ್ತರ ಇರಲಿ.

ಜಯನಗರ_ನಾಲ್ಕನೇ_ಬ್ಲಾಕ್
ಜನವರಿ ಮೂರನೇ ವಾರಕ್ಕೆ ರೈಲು ಬುಕ್ ಆಯಿತು, ಎರಡು ಕೆಳಗಿನ ಬರ್ತ್ ಸಿಕ್ಕಿವೆ. ಕಮಲಾಪುರದಲ್ಲಿ ರೂಮ್ ಒಂದಕ್ಕೆ 2,200. ಅಲ್ಲಿ ಸುತ್ತಲು ಸ್ಥಳೀಯ ಕಾರಿನವರ ಜೊತೆ ಮಾತಾಡಿ, ರೇಟು ವಾಟ್ಸಾಪಿನಲ್ಲೇ ಬರೆಸಿಕೊಂಡೆ. ಬನಶಂಕರಿಯವರ ಅನುಭವ ಓದಿ ಬಂದ ಬುದ್ಧಿ ಇದು. ಎಲ್ಲ ಸೇರಿ ಮೊದಲಿನ ಲೆಕ್ಕದ ಅರ್ಧಕ್ಕೂ ಕಮ್ಮಿ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಇಳಿದ ತಕ್ಷಣ ತಿಂಡಿ ಎಲ್ಲಿ ಸಿಗುತ್ತದೆ?

ಹೊಸಪೇಟೆ_ಹುಡುಗ
ಸ್ಟೇಷನ್ ರಸ್ತೆಯಲ್ಲಿ, ಬಸ್ ಸ್ಟ್ಯಾಂಡ್ ಸುತ್ತಮುತ್ತ ಎಲ್ಲ ಕಡೆ. ಇಡ್ಲಿ ವಡೆ ಕೇಳಿ ನಮ್ಮ ಊರಿನ ಮಾನ ಕಳೆಯಬೇಡಿ. ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ.

ರಾಗಿಮುದ್ದೆ_ಬಸ್ಸಾರು
ಬೆಳಿಗ್ಗೆ ಏಳಕ್ಕೆ ಮೆಣಸಿನಕಾಯಿ ಬಜ್ಜಿನಾ?!

ಹೊಸಪೇಟೆ_ಹುಡುಗ
ಎಂಟಕ್ಕೆ ಹೋದರೆ ಖಾಲಿಯಾಗಿರುತ್ತದೆ.